ಅಳುತ್ತಿದ್ದೆ, ಮಗ ಬಂದು ಮಂಡಕ್ಕಿ ಕೇಳಿದ

ಕಳೆದ ತಿಂಗಳು ಮಾತು ತಡವಾಗುವ ಮಕ್ಕಳ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಾತಿನ ಬಗ್ಗೆ ಅಲ್ಲ, ಮುಖದ ಬಗ್ಗೆ. ಎದುರಿಗಿರುವವರಿಗೆ ಸಿಟ್ಟೋ ದುಃಖವೋ ನಮ್ಮ ಮಗುವಿಗೆ ತಿಳಿಯುವುದೇ ಇಲ್ಲ ಅನ್ನುವ ದೂರು ಮತ್ತೆ ಮತ್ತೆ. ಹಾಗಾಗಿ ಈ ಸಲ ಪೂರಾ ಅದೇ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ಮಾತು ಬಂದಿದ್ದೇ ಮೂರು ವರ್ಷ ಆದ ಮೇಲೆ. ಈಗಲೂ 'ಅಪ್ಪ ಬಂತು, ಅಕ್ಕ ಹೋಯ್ತು' ಅನ್ನುತ್ತಾನೆ, ಉದ್ದ ವಾಕ್ಯ ಹೇಳಲು ಒದ್ದಾಡುತ್ತಾನೆ. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಸರಿ ಇದೆ. ಸ್ಪೀಚ್ ಥೆರಪಿಸ್ಟ್ 'ಡಿಎಲ್‌ಡಿ' ಎಂದು ಬರೆದುಕೊಟ್ಟಿದ್ದಾರೆ. ಹೋದ ತಿಂಗಳು ನಮ್ಮ ತಂದೆಯನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ಫೋನ್ ಬಂತು. ನಾನು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದೆ. ಇವನು ಬಂದ, ನನ್ನ ಮುಖ ನೋಡಿದ, ನಕ್ಕ, 'ಮಂಡಕ್ಕಿ ಕೊಡು' ಅಂದ. ಅತ್ತೆ 'ಎಂಥ ಕಲ್ಲುಮನಸ್ಸು ಈ ಹುಡುಗಂದು' ಅಂದುಬಿಟ್ಟರು. ಶಾಲೆಯಲ್ಲೂ ಅಷ್ಟೇ, ಎದುರಿನವನಿಗೆ ಸಿಟ್ಟು ಬಂದಿದ್ದು ತಿಳಿಯದೆ ಕೀಟಲೆ ಮುಂದುವರಿಸಿ ಹೊಡೆತ ತಿಂದು ಬರುತ್ತಾನೆ. ಇದು ಆಟಿಸಂ ಇರಬಹುದಾ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾಗಿದ್ದು ಈರುಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಕಣ್ಣಲ್ಲಿ ನೀರು, ಇದನ್ನು ಅವನು ಎಷ್ಟು ಸಲ ನೋಡಿರಬೇಡ! ಆ ನೀರಿಗೂ ಈ ನೀರಿಗೂ ವ್ಯತ್ಯಾಸ ಗೊತ್ತಾಗಬೇಕಾದರೆ ಬರೀ ಮುಖ ನೋಡಿದರೆ ಸಾಲದು. ಫೋನ್ ಬಂತು, ಅಮ್ಮ 'ಆಸ್ಪತ್ರೆ' ಅಂದಳು, 'ಯಾವಾಗ, ಈಗ ಹೇಗಿದಾರೆ' ಅಂತ ಕೇಳಿದಳು, ತಾತನಿಗೆ ಏನೋ ಆಗಿದೆ, ಅದಕ್ಕೇ ಈ ಅಳು, ಇಷ್ಟನ್ನೂ ಅರ್ಧಂಬರ್ಧ ಕೇಳಿದ ಮಾತಿನಿಂದಲೇ ಅವನು ಜೋಡಿಸಿಕೊಳ್ಳಬೇಕು. ಉಳಿದ ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಾರೆ. ನಿಮ್ಮ ಮಗನಿಗೆ ತೊಡಕಿರುವುದೇ ಮಾತಿನಲ್ಲಿ, ಅಲ್ವಾ? ಕಲ್ಲುಮನಸ್ಸು ಅಂತ ನನಗೆ ಅನ್ನಿಸುತ್ತಿಲ್ಲ. ಅರ್ಥವಾಗದ ಮುಖ ಎದುರಾದಾಗ ಸುಮ್ನೆ ನಕ್ಕುಬಿಡುವ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಡಿಎಲ್‌ಡಿ ಅಂದರೆ ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್. ಕಿವಿ ಕೇಳಿಸುತ್ತದೆ, ಬುದ್ಧಿ ಮಂದವಲ್ಲ, ಆಟಿಸಂ ಅಲ್ಲ, ಆದರೂ ಭಾಷೆ ಕಲಿಯುವುದು ಕಷ್ಟ. ಮೊದಲು ಇದಕ್ಕೆ ನಾನಾ ಹೆಸರುಗಳಿದ್ದವು. ಡೊರೊಥಿ ಬಿಷಪ್ ಅವರ ಮುಂದಾಳತ್ವದಲ್ಲಿ ಇಂಗ್ಲಿಷ್ ದೇಶಗಳ ತಜ್ಞರು ಸೇರಿ 2017ರಲ್ಲಿ ಈ ಹೆಸರನ್ನು ಒಪ್ಪಿಕೊಂಡರು. ಅಪರೂಪದ್ದೇನಲ್ಲ. ಇಂಗ್ಲೆಂಡಿನ ಸರ್ರೆ ಅನ್ನುವ ಕಡೆ ಶಾಲೆಗೆ ಆಗಷ್ಟೇ ಸೇರಿದ ಮಕ್ಕಳನ್ನು ಪರೀಕ್ಷಿಸಿದಾಗ ನೂರಕ್ಕೆ ಏಳೆಂಟು ಮಕ್ಕಳಲ್ಲಿ ಸಿಕ್ಕಿತು. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರು ಅಂದುಕೊಳ್ಳಿ.

ಈಗ ಮುಖದ ವಿಷಯ. ನಾವು ಮುಖ ಓದುವುದು ಅಂದರೆ ಒಂದೇ ಕೆಲಸ ಅಂದುಕೊಂಡಿದ್ದೇವೆ. ಅದರೊಳಗೆ ಮೂರು ನಾಲ್ಕು ಕೆಲಸಗಳಿವೆ. ಮನೆಯಲ್ಲೇ ನೋಡಬಹುದು. ಫೋನಿನಲ್ಲಿ ಮನೆಯವರ ಫೋಟೋ ತೆಗೆಯಿರಿ, ಅತ್ತೆ ನಗುವಾಗ, ನೀವು ಹುಬ್ಬು ಗಂಟಿಕ್ಕಿದಾಗ, ಅವರ ಅಪ್ಪ ಹಾಗಲಕಾಯಿ ಬಾಯಿಗಿಟ್ಟು ಮುಖ ಸಿಂಡರಿಸಿದಾಗ. ಪ್ರಿಂಟ್ ಹಾಕಿಸಿ. ಮೊದಲು ಯಾವ ಹೆಸರೂ ಹೇಳದೆ 'ಇದೇ ಥರ ಮುಖ ಮಾಡಿರೋರು ಇನ್ಯಾರಿದಾರೆ' ಅಂತ ಜೋಡಿಸಲು ಹೇಳಿ. ಆಮೇಲೆ 'ಸಿಟ್ಟು ಬಂದಿರೋದು ಯಾರಿಗೆ, ತೋರಿಸು' ಅನ್ನಿ. ಅದೂ ಆದರೆ 'ಇವರಿಗೆ ಏನಾಗಿದೆ' ಅಂತ ಅವನ ಬಾಯಿಂದಲೇ ಕೇಳಿ. ಕೊನೆಗೆ ಫೋಟೋ ಎಲ್ಲ ಎತ್ತಿಟ್ಟು ಒಂದು ಪುಟ್ಟ ಕಥೆ: ಹುಡುಗ ಐಸ್‌ಕ್ರೀಂ ತಗೊಂಡ, ಅದು ಕೆಳಗೆ ಬಿತ್ತು, ಈಗ ಅವನ ಮುಖ ಹೇಗಿರುತ್ತೆ?

ಭಾಷೆಯ ತೊಂದರೆ ಇರುವ ಹೆಚ್ಚಿನ ಮಕ್ಕಳು ಮೊದಲ ಎರಡನ್ನು ಮಾಡಿಬಿಡುತ್ತಾರೆ. ಕಥೆಗೆ ಬಂದಾಗ ಎಡವುತ್ತಾರೆ. ಅಮೆರಿಕದಲ್ಲಿ ಫೋರ್ಡ್ ಮತ್ತು ಮಿಲೋಸ್ಕಿ ಅನ್ನುವವರು 2003ರಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿ ನೋಡಿದರು. ಭಾಷೆಯ ತೊಂದರೆ ಇರುವ ಪುಟ್ಟ ಮಕ್ಕಳು ಖುಷಿ, ದುಃಖ, ಸಿಟ್ಟು, ಆಶ್ಚರ್ಯದ ಚಿತ್ರಗಳನ್ನು ಗುರುತಿಸಿದರು. ಆದರೆ ಕಥೆ ಹೇಳಿ 'ಇವನಿಗೆ ಈಗ ಹೇಗನ್ನಿಸುತ್ತೆ' ಅಂದಾಗ ತಪ್ಪಿದರು. ಉಳಿದ ಮಕ್ಕಳು ತಪ್ಪಿದರೆ ಸಿಟ್ಟಿನ ಬದಲು ದುಃಖ ಅನ್ನುತ್ತಾರೆ, ಅದು ಹತ್ತಿರದ ತಪ್ಪು. ಈ ಮಕ್ಕಳು ದುಃಖದ ಜಾಗದಲ್ಲಿ ಖುಷಿ ಅನ್ನುವಂಥ ತಪ್ಪನ್ನು ಜಾಸ್ತಿ ಮಾಡಿದರು. ನಿಮ್ಮ ಮಗ ನಕ್ಕಿದ್ದು ನೆನಪಾಯಿತಾ?

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಕೆಲವು ಕಡೆ ಬರೀ ಮುಖದ ಚಿತ್ರ ಗುರುತಿಸುವುದರಲ್ಲೇ ಈ ಮಕ್ಕಳು ಹಿಂದೆ ಬಿದ್ದಿದ್ದಾರೆ, ಕೆಲವು ಕಡೆ ಸರಿಸಮ ಇದ್ದಾರೆ. ಮಗುವಿನಿಂದ ಮಗುವಿಗೆ ವ್ಯತ್ಯಾಸವಿದೆ, ಅದಕ್ಕೇ ಮನೆಯಲ್ಲಿ ನೋಡಿ ಅಂದಿದ್ದು. ಆದರೆ ಭಾಷೆಗೂ ಇದಕ್ಕೂ ನಂಟಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದೇ ಸರ್ರೆಯ ಮಕ್ಕಳನ್ನು ಹತ್ತು ಹನ್ನೊಂದು ವರ್ಷದವರಾದಾಗ ಮತ್ತೆ ನೋಡಿದರು. ಐದಾರು ವರ್ಷದಲ್ಲಿ ಯಾರ ಭಾಷೆ ಚೆನ್ನಾಗಿತ್ತೋ ಅವರೇ ಮುಖ ಮತ್ತು ದನಿಯಲ್ಲಿರುವ ಭಾವನೆಯನ್ನು ಚೆನ್ನಾಗಿ ಹಿಡಿದರು. ಒಟ್ಟಾರೆ ಜಾಣತನದಿಂದ ಅದನ್ನು ಮುಂಚೆಯೇ ಊಹಿಸಲು ಆಗಲಿಲ್ಲ, ಭಾಷೆಯಿಂದ ಆಯಿತು.

ಮಾತಿಗೂ ಮುಖಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. 'ಕೋಪ' ಅನ್ನುವ ಪದವನ್ನು ಒಂದೇ ಸಮನೆ ಮೂವತ್ತು ಸಲ ಹೇಳಿ ನೋಡಿ. ಅರ್ಥ ಸೋರಿಹೋಗಿ ಬರೀ ಸದ್ದು ಉಳಿಯುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆಯರಾದ ಕ್ರಿಸ್ಟನ್ ಲಿಂಡ್‌ಕ್ವಿಸ್ಟ್, ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಯವರು 2006ರಲ್ಲಿ ದೊಡ್ಡವರಿಂದ ಹೀಗೆ ಹೇಳಿಸಿ, ತಕ್ಷಣ ಮುಖಗಳನ್ನು ತೋರಿಸಿದರು. ಪದದ ಅರ್ಥ ಮಸುಕಾದಾಗ, ಎದುರಿಗಿರುವ ಮುಖದ ಭಾವನೆ ಗುರುತಿಸುವುದೂ ಅವರಿಗೆ ಕಷ್ಟವಾಯಿತು. ಕಾಲೇಜು ಓದಿದವರಿಗೇ ಹೀಗೆ. ಪದವೇ ಗಟ್ಟಿಯಾಗಿ ಕೂರದ ಮಗುವಿನ ಕಥೆ ಏನಿರಬಹುದು?

ಮಾತು ಸರಾಗವಾಗಿ ಬರುವ ಮಕ್ಕಳೂ ಒಂದೇ ದಿನಕ್ಕೆ ಎಲ್ಲ ಕಲಿಯುವುದಿಲ್ಲ. ಮೊದಲು ಖುಷಿ ಮತ್ತು ಖುಷಿ ಅಲ್ಲದ್ದು, ಇಷ್ಟೇ. ಆಮೇಲೆ ಸಿಟ್ಟು, ದುಃಖ. ಹೆದರಿಕೆ, ಆಶ್ಚರ್ಯ ನಿಧಾನಕ್ಕೆ. ಹೇಸಿಗೆ ಎಲ್ಲಕ್ಕಿಂತ ತಡ, ನಾಲ್ಕೈದು ವರ್ಷದ ಮಗು ಹೇಸಿಗೆಯ ಮುಖ ತೋರಿಸಿದರೆ 'ಸಿಟ್ಟು' ಅನ್ನುವುದು ತೀರಾ ಮಾಮೂಲು. ಆದ್ದರಿಂದ ಹಾಗಲಕಾಯಿ ಫೋಟೋದಲ್ಲಿ ತಪ್ಪಿದರೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕನ್ನಡದಲ್ಲಿ ಇನ್ನೊಂದು ಗೊಂದಲವಿದೆ. ಅದು 'ಬೇಜಾರು'. ಆಟ ಮುಗಿದರೆ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಯಾರಾದರೂ ಬೈದರೆ ಬೇಜಾರು, ಬಸ್ಸಿಗೆ ಕಾಯುವುದೂ ಬೇಜಾರು. ನಮಗೆ ಸಂದರ್ಭ ನೋಡಿ ಗೊತ್ತಾಗುತ್ತೆ. ಪದಗಳ ಬಡತನವಿರುವ ಮಗು ಈ ಒಂದು ಪದವನ್ನು ಹಿಡಿದುಕೊಂಡು ಎಲ್ಲ ಮುಖಕ್ಕೂ ಅಂಟಿಸುತ್ತದೆ. ಸ್ವಲ್ಪ ದಿನ ಮನೆಯಲ್ಲಿ 'ಬೇಜಾರು' ಕಡಿಮೆ ಮಾಡಿ. ಹಾಗೇ 'ಅಕ್ಕ ಮುಖ ಊದಿಸಿಕೊಂಡಿದಾಳೆ', 'ಅವನ ಮುಖ ಕಪ್ಪಿಟ್ಟಿತು' ಅಂತ ನಾವು ಆಡುವ ಮಾತು ಇವರಿಗೆ ಅಕ್ಷರಶಃ ಅರ್ಥವಾಗುತ್ತದೆ. ಒಬ್ಬ ಹುಡುಗ ನನ್ನ ಎದುರಿಗೇ ಅಕ್ಕನ ಕೆನ್ನೆ ಮುಟ್ಟಿ 'ಊದಿಲ್ಲ' ಅಂದಿದ್ದ.

ಏನು ಮಾಡಬೇಕು? ಮುಖ, ಪದ, ಕಾರಣ, ಈ ಮೂರನ್ನೂ ಆ ಹೊತ್ತಿಗೇ ಒಟ್ಟಿಗೆ ಹೇಳಿ. 'ನೋಡು, ಅಜ್ಜಿ ಹುಬ್ಬು ಗಂಟು ಹಾಕಿದಾರೆ. ಅಜ್ಜಿಗೆ ಸಿಟ್ಟು ಬಂದಿದೆ. ಯಾಕಂದ್ರೆ ನೀನು ಚಪ್ಪಲಿ ಹಾಕ್ಕೊಂಡು ಒಳಗೆ ಬಂದೆ.' ಚಿಕ್ಕ ವಾಕ್ಯ, ನಿಧಾನ. 'ಯಾಕಂದ್ರೆ' ಬಿಡಬೇಡಿ, ಈ ಮಕ್ಕಳಿಗೆ ತಪ್ಪಿಹೋಗುವುದು ಅದೇ ಕೊಂಡಿ. ದಿನಕ್ಕೆ ನಾಲ್ಕೈದು ಸಲ ಸಾಕು, ಪಾಠ ಮಾಡಿದ ಹಾಗೆ ಬೇಡ. ಅವತ್ತಿನ ಅಳುವಿನ ಬಗ್ಗೆಯೂ ಈಗ ಹೇಳಬಹುದು, ತಡವೇನಾಗಿಲ್ಲ. 'ಅವತ್ತು ಅಮ್ಮ ಅತ್ತಳು. ಈರುಳ್ಳಿ ಅಲ್ಲ. ತಾತನಿಗೆ ಹುಷಾರಿರಲಿಲ್ಲ, ಅದಕ್ಕೆ ದುಃಖ ಆಗಿತ್ತು.'

ಇನ್ನು ಆಟಿಸಂ. ಭಾವನೆ ಗುರುತಿಸುವ ಪರೀಕ್ಷೆಯಲ್ಲಿ ಆಟಿಸಂ ಇರುವ ಎಷ್ಟೋ ಮಕ್ಕಳೂ, ಭಾಷೆಯ ತೊಂದರೆ ಇರುವ ಎಷ್ಟೋ ಮಕ್ಕಳೂ ತಡವರಿಸುತ್ತಾರೆ. ಹಾಗಾಗಿ ಇದೊಂದನ್ನೇ ಹಿಡಿದು ಹೌದು ಅಲ್ಲ ಅನ್ನಲು ಬರುವುದಿಲ್ಲ. ಚಿಕ್ಕವನಿದ್ದಾಗ ಚಂದ್ರನನ್ನೋ ನಾಯಿಯನ್ನೋ ಬೆರಳು ಮಾಡಿ ನಿಮಗೆ ತೋರಿಸುತ್ತಿದ್ದನಾ, ಬರೆದ ಚಿತ್ರ ಓಡಿಬಂದು ತೋರಿಸುತ್ತಾನಾ, ಮಾತು ಸಿಗದಿದ್ದರೆ ಕೈಬಾಯಿ ಸನ್ನೆ ಮಾಡಿಯಾದರೂ ಹೇಳಲು ನೋಡುತ್ತಾನಾ, ಅಡುಗೆ ಆಟ, ಬಸ್ ಆಟ ಆಡುತ್ತಾನಾ? ಇವೆಲ್ಲ ಇದ್ದರೆ ಆಟಿಸಂ ಸಾಧ್ಯತೆ ಕಡಿಮೆ. ಒಂದೇ ಕೆಲಸವನ್ನು ಒಂದೇ ರೀತಿ ಮತ್ತೆ ಮತ್ತೆ ಮಾಡುವುದು, ಸಣ್ಣ ಬದಲಾವಣೆಗೂ ವಿಪರೀತ ರಂಪ, ಕೆಲವು ಸದ್ದು, ಬಟ್ಟೆ ಸಹಿಸದಿರುವುದು ಇದ್ದರೆ ಮಾತ್ರ ತಡಮಾಡದೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಷ್ಟು ದೂರ ಕಷ್ಟ ಅಂದರೆ ಮೊದಲು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುತ್ತದೆ, ಮಾತಿನ ತೊಂದರೆಯೂ ಅದರ ಪಟ್ಟಿಯಲ್ಲಿದೆ, ಚೀಟಿ ಬರೆಸಿಕೊಳ್ಳಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂಬತ್ತು. ಮದುವೆ ಮನೆಯಲ್ಲಿ ನೆಂಟರನ್ನು ತೋರಿಸಿ 'ಇವರು ಯಾರು ಹೇಳು ಪುಟ್ಟಿ' ಅಂದರೆ ಪೆಚ್ಚಾಗಿ ನಿಲ್ಲುತ್ತಾಳೆ. ವಾರಕ್ಕೊಮ್ಮೆ ಮನೆಗೆ ಬರುವ ಚಿಕ್ಕಪ್ಪನ ಹೆಸರೂ ಬರುವುದಿಲ್ಲ. ಮುಖ ಗುರುತು ಹಿಡಿಯಲಾರದ ಕಾಯಿಲೆ ಇದೆಯಂತೆ, ಅದೇ ಇರಬಹುದೇ? ಮಾತೂ ಸ್ವಲ್ಪ ಹಿಂದೆ.
- ಒಬ್ಬ ನಿವೃತ್ತ ಅಜ್ಜ, ಶಿವಮೊಗ್ಗ

ಉತ್ತರ: ಸರ್, ಒಂದು ಕೆಲಸ ಮಾಡಿ. ಹೆಸರು ಕೇಳಬೇಡಿ. ಮದುವೆ ಮನೆಯಲ್ಲೇ ಅವಳ ಕೈಗೆ ಒಂದು ಲೋಟ ಕೊಟ್ಟು 'ಚಿಕ್ಕಪ್ಪನಿಗೆ ಕೊಟ್ಟು ಬಾ' ಅನ್ನಿ. ಸೀದಾ ಹೋಗಿ ಕೊಟ್ಟರೆ ಮುಖ ಗೊತ್ತಿದೆ, ಹೆಸರು ಬಾಯಿಗೆ ಬರುತ್ತಿಲ್ಲ ಅಷ್ಟೇ. ಗೊತ್ತಿರುವ ಪದವನ್ನು ಬೇಕಾದ ಹೊತ್ತಿಗೆ ಹುಡುಕಿ ತೆಗೆಯಲು ಆಗದಿರುವುದು ಭಾಷೆಯ ತೊಂದರೆ ಇರುವ ಮಕ್ಕಳಲ್ಲಿ ಬಹಳ. ನಮಗೂ ವಯಸ್ಸಾದ ಮೇಲೆ ಆಗುವುದಿಲ್ಲವೇ, ಮುಖ ಕಣ್ಣ ಮುಂದೆ, ಹೆಸರು ನಾಲಿಗೆ ತುದಿಯಲ್ಲಿ.

ನೀವು ಕೇಳಿದ ಕಾಯಿಲೆ ಬೇರೆ. ಅದಕ್ಕೆ ಪ್ರೊಸೊಪಗ್ನೋಸಿಯಾ ಅನ್ನುತ್ತಾರೆ, 1947ರಲ್ಲಿ ಬೋಡಾಮರ್ ಅನ್ನುವ ಜರ್ಮನ್ ವೈದ್ಯರು ಇಟ್ಟ ಹೆಸರು. ಹುಟ್ಟಿನಿಂದಲೇ ಇರುವವರೂ ಇದ್ದಾರೆ. ಅಂಥವರು ಕನ್ನಡಕ, ಜಡೆ, ನಡಿಗೆ, ದನಿ ನೋಡಿ ಜನರನ್ನು ಗುರುತಿಸುತ್ತಾರೆ. ಅಮ್ಮ ತಲೆಸ್ನಾನ ಮಾಡಿ ಕೂದಲು ಬಿಚ್ಚಿದರೆ ಗಲಿಬಿಲಿ, ಶಾಲೆಯಲ್ಲಿ ಎಲ್ಲರೂ ಯೂನಿಫಾರ್ಮಿನಲ್ಲಿದ್ದರೆ ಗೆಳತಿ ಯಾರು ಅಂತ ತಿಳಿಯದೆ ಸುಮ್ಮನೆ ನಿಲ್ಲುವುದು, ಇಂಥವು ಕಂಡರೆ ತೋರಿಸಿ. ಚಿಕ್ಕಪ್ಪನ ಹೆಸರು ಮರೆಯುವುದಷ್ಟೇ ಆದರೆ ಇದಲ್ಲ.

ಮುಖ ಗುರುತಿಸುವುದನ್ನೂ ಮಗು ಕಲಿಯುತ್ತಲೇ ಹೋಗುತ್ತದೆ. ಒಂದು ವಿಚಿತ್ರ ಹೇಳುತ್ತೇನೆ, ನಿಮಗೆ ಇಷ್ಟವಾಗಬಹುದು. 2002ರ ಒಂದು ಅಧ್ಯಯನದಲ್ಲಿ ಆರು ತಿಂಗಳ ಮಗು ಈ ಮಂಗನ ಮುಖಕ್ಕೂ ಆ ಮಂಗನ ಮುಖಕ್ಕೂ ವ್ಯತ್ಯಾಸ ಕಂಡಿತು. ಒಂಬತ್ತು ತಿಂಗಳ ಮಗುವಿಗೆ ಅದು ಆಗಲಿಲ್ಲ, ನಮ್ಮ ನಿಮ್ಮ ಹಾಗೆ ಎಲ್ಲ ಮಂಗವೂ ಒಂದೇ. ಸುತ್ತ ಕಾಣುವ ಮುಖಗಳಿಗೆ ಕಣ್ಣು ಪಳಗಿಬಿಡುತ್ತದೆ. ನೆಂಟರ ಮುಂದೆ ನಿಲ್ಲಿಸಿ 'ಇವರು ಯಾರು' ಅಂತ ಪರೀಕ್ಷೆ ಮಾಡುವುದನ್ನು ಮಾತ್ರ ದಯವಿಟ್ಟು ಬಿಡಿ. ಅವಳು ಪೆಚ್ಚಾಗುವುದಕ್ಕೆ ಅದೇ ಮುಖ್ಯ ಕಾರಣ ಅಂತ ನನ್ನ ಗುಮಾನಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮೂರಲ್ಲಿ ಯಕ್ಷಗಾನ ಮನೆಮಾತು. ಮಾತಿನ ತೊಂದರೆ ಇರುವ ಇಬ್ಬರು ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ. ನವರಸದ ಚಾರ್ಟ್ ಮಾಡಿ ಗೋಡೆಗೆ ಹಾಕಿ ಭಾವನೆಗಳನ್ನು ಕಲಿಸಬಹುದಾ?
- ಒಬ್ಬ ಶಿಕ್ಷಕಿ, ಹೊನ್ನಾವರ

ಉತ್ತರ: ಟೀಚರ್, ಚಾರ್ಟಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಅದರಲ್ಲೂ ನನ್ನ ಮೇಲೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೋಣೆಯಲ್ಲೂ ಆರು ಮುಖಗಳ ಚಾರ್ಟ್ ಇತ್ತು. ಒಬ್ಬ ಹುಡುಗಿ ಆರನ್ನೂ ಪಟಪಟ ಹೇಳುತ್ತಿದ್ದಳು, ನಾನು ಫೈಲಿನಲ್ಲಿ 'ಕಲಿತಳು' ಅಂತ ಬರೆದೆ. ಅವತ್ತೇ ಹೊರಗೆ ಅವಳ ತಮ್ಮ ಬಿದ್ದು ಅಳುತ್ತಿದ್ದಾಗ ಅವಳು ಅವನ ಮೇಲೇ ಹತ್ತಿ ಆಟ ಆಡಿದಳು. ಅವಳು ಕಲಿತಿದ್ದು ಚಾರ್ಟನ್ನು, ಮುಖವನ್ನಲ್ಲ.

ಆದರೆ ಯಕ್ಷಗಾನದ ಯೋಚನೆ ಬಿಡಬೇಡಿ, ಅದು ಚಾರ್ಟಿಗಿಂತ ಎಷ್ಟೋ ಮೇಲು. ಭರತನ ನಾಟ್ಯಶಾಸ್ತ್ರದಲ್ಲಿ ರಸಗಳು ಎಂಟು, ಶಾಂತ ಆಮೇಲೆ ಸೇರಿ ಒಂಬತ್ತಾಯಿತು ಅನ್ನುತ್ತಾರೆ. ಒಂಬತ್ತೂ ನಿಮಗೆ ಬೇಡ. ಅದ್ಭುತ, ಬೀಭತ್ಸ ಅನ್ನುವ ಪದಗಳಂತೂ ಬೇಡವೇ ಬೇಡ, 'ಅಬ್ಬಾ' ಮುಖ, 'ಛೀ' ಮುಖ ಸಾಕು. ವೇಷದಲ್ಲಿ ಕಣ್ಣು ಹುಬ್ಬು ದೊಡ್ಡದಾಗಿ ಕಾಣುತ್ತದೆ, ಕುಣಿತವೂ ದನಿಯೂ ಜೊತೆಗೇ ಬರುತ್ತದೆ, ಅದಕ್ಕೆ ಮೊದಲ ಮೆಟ್ಟಿಲಿಗೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಕಥೆ ಇದೆ. ಭೀಮನಿಗೆ ಸಿಟ್ಟು ಬಂದಿದ್ದು ಯಾಕೆ? ಉತ್ತರಕುಮಾರ ಕೌರವರ ಸೇನೆ ನೋಡಿ ರಥದಿಂದ ಹಾರಿ ಓಡಿದಾಗ ಅವನ ಮುಖ ಹೇಗಿತ್ತು, ಮಾಡಿ ತೋರಿಸಿ. ಒಂಚೂರು ಮುಂಚೆ ಅಂತಃಪುರದಲ್ಲಿ ಜಂಬ ಕೊಚ್ಚುವಾಗ ಹೇಗಿತ್ತು? ಒಂದೇ ಮನುಷ್ಯನ ಮುಖ ಒಂದೇ ದಿನದಲ್ಲಿ ಹೇಗೆ ಬದಲಾಯಿತು ಅನ್ನುವುದನ್ನು ಯಾವ ಚಾರ್ಟೂ ಹೇಳಿಕೊಡುವುದಿಲ್ಲ. ಆಮೇಲೆ ವೇಷ ಕಳಚಿ, ಮಾಮೂಲಿ ಮುಖಕ್ಕೆ ಬನ್ನಿ. ದಿನನಿತ್ಯ ಯಾರೂ ಹಾಗೆ ಕಣ್ಣು ಅರಳಿಸುವುದಿಲ್ಲವಲ್ಲ.

ದನಿಯನ್ನೂ ಮರೆಯಬೇಡಿ. ಅಮೆರಿಕದ ಯೂಟಾದಲ್ಲಿ ಮಾರ್ಟಿನ್ ಫುಜಿಕಿ, ಬಾನಿ ಬ್ರಿಂಟನ್ ಮತ್ತು ಜೊತೆಯವರು 2008ರಲ್ಲಿ ಒಂದು ಬರಹವನ್ನು ಬೇರೆ ಬೇರೆ ಭಾವನೆಯ ದನಿಯಲ್ಲಿ ಓದಿಸಿ, ಭಾಷೆಯ ತೊಂದರೆ ಇರುವ ಮಕ್ಕಳಿಗೆ ಕೇಳಿಸಿದರು. ಉಳಿದ ಮಕ್ಕಳಿಗಿಂತ ಇವರು ತುಂಬ ಹಿಂದೆ ಬಿದ್ದರು. ನೀವು ಬೋರ್ಡಿನ ಕಡೆ ತಿರುಗಿಕೊಂಡೇ 'ಏನೋ ಅದು' ಅಂದಾಗ ಆ ಇಬ್ಬರಿಗೆ ಅದು ಬೈಗುಳ ಅಂತ ಕೇಳಿಸದೇ ಇರಬಹುದು. 'ಭಾಳ ಚಂದ ಮಾಡಿದ್ದೀಯ ಮಾರಾಯ' ಅಂತ ವ್ಯಂಗ್ಯ ಮಾಡಿದರೆ ಖುಷಿಯಾಗಿ ಮತ್ತೆ ಅದನ್ನೇ ಮಾಡುತ್ತಾರೆ, ಆಮೇಲೆ ನಿಮಗೆ ಇನ್ನೂ ಸಿಟ್ಟು. ಕೊಬ್ಬು ಅಲ್ಲ ಅದು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಐದು ವರ್ಷದ ಮಗನಿಗೆ ಥೆರಪಿ ಇಂಗ್ಲಿಷಿನಲ್ಲಿ. ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಎರಡು ಭಾಷೆಯಿಂದ ಗೊಂದಲ ಅಂತ ಪರಿಚಯದವರು ಹೇಳುತ್ತಾರೆ. ಎಮೋಷನ್ ಕಲಿಸುವ ಆಪ್ ಕೂಡ ತಗೊಂಡಿದ್ದೇವೆ.

ಉತ್ತರ: ಎರಡು ಭಾಷೆಯಿಂದ ಡಿಎಲ್‌ಡಿ ಬರುವುದಿಲ್ಲ. ಡಿಎಲ್‌ಡಿ ಇರುವ ಮಗುವೂ ಎರಡು ಭಾಷೆ ಕಲಿಯಬಲ್ಲದು. ನಿಮಗೆ ಸಿಟ್ಟು, ಪ್ರೀತಿ, ಗಾಬರಿ ಬಾಯಿಗೆ ಬರುವುದು ಯಾವ ಭಾಷೆಯಲ್ಲಿ? ಅದರಲ್ಲೇ ಮಾತಾಡಿ. 'ಮುನಿಸು', 'ನಾಚಿಕೆ' ಇವನ್ನೆಲ್ಲ ಅವನು ಅಜ್ಜಿಯ ವಿಡಿಯೋ ಕಾಲ್‌ನಲ್ಲೇ ಕಲಿಯಬೇಕು. ಆಪ್ ಇರಲಿ, ಹತ್ತು ನಿಮಿಷ, ಅದೂ ನೀವು ಪಕ್ಕದಲ್ಲಿ ಕೂತು.

ಪ್ರಶ್ನೆ: ಆಂಟಿ, ನಾನು ಒಂಬತ್ತನೇ ಕ್ಲಾಸು. ನನ್ನ ತಮ್ಮನಿಗೆ ಮಾತಿನ ಪ್ರಾಬ್ಲಂ ಇದೆ. ನನ್ನ ಸೈನ್ಸ್ ರೆಕಾರ್ಡ್ ಹರಿದುಹಾಕಿದ. ನಾನು ಮಾತೇ ಬಿಟ್ಟೆ. ಎರಡು ದಿನ ಆದರೂ ಅವನಿಗೆ ನಾನು ಸಿಟ್ಟಾಗಿದೀನಿ ಅಂತಲೇ ಗೊತ್ತಾಗಲಿಲ್ಲ, ಬಂದು ಬಂದು ನಗ್ತಾನೆ. ಅಮ್ಮ ನನಗೇ ಅಡ್ಜಸ್ಟ್ ಮಾಡ್ಕೋ ಅಂತಾರೆ.
- ಒಬ್ಬ ಅಕ್ಕ, ಹಾಸನ

ಉತ್ತರ: ಪುಟ್ಟಾ, ನಿನ್ನ ಸಿಟ್ಟು ನ್ಯಾಯವಾದದ್ದೇ. ರೆಕಾರ್ಡ್ ಬರೆಯುವ ಕಷ್ಟ ನನಗೂ ಗೊತ್ತು. ಅವನಿಗೆ ತೊಂದರೆ ಇದೆ ಅಂತ ನೀನು ಸಿಟ್ಟೇ ಮಾಡಿಕೊಳ್ಳಬಾರದು ಅಂತಿಲ್ಲ, ಇದನ್ನು ಅಮ್ಮನಿಗೂ ಓದಿ ಹೇಳು. ಆದರೆ ಮಾತು ಬಿಡುವುದು ಅವನ ಹತ್ತಿರ ನಡೆಯುವುದಿಲ್ಲ. ಟೂ ಬಿಟ್ಟಿದ್ದು ಎದುರಿನವರಿಗೆ ತಿಳಿಯಬೇಕಾದರೆ, ಅವರು ನಿನ್ನ ಮುಖ ನೋಡಿ, ಮೊನ್ನೆ ನಡೆದದ್ದು ನೆನೆದು, ಎರಡನ್ನೂ ಜೋಡಿಸಬೇಕು. ಅವನಿಂದ ಅದೇ ಆಗುವುದಿಲ್ಲ. ಎರಡು ದಿನ ನೀನೊಬ್ಬಳೇ ಉರಿದುಕೊಂಡೆ.

ಹರಿದ ರೆಕಾರ್ಡನ್ನು ಕೈಯಲ್ಲಿ ಹಿಡಿದು ಅವನ ಎದುರಿಗೆ ಕೂತುಕೋ. 'ಇದು ನನ್ನ ಪುಸ್ತಕ. ನೀನು ಹರಿದೆ. ನನಗೆ ಸಿಟ್ಟು ಬಂದಿದೆ.' ಇಷ್ಟೇ ಹೇಳು, ಸಿಟ್ಟಿನ ಮುಖ ಮಾಡಿಯೇ ಹೇಳು. ನಕ್ಕರೆ ಇನ್ನೊಂದು ಸಲ ಹೇಳು. ಆಮೇಲೆ ಅಂಟಿಸುವ ಟೇಪ್ ಅವನ ಕೈಗೆ ಕೊಟ್ಟು, ನೀನು ಹಾಳೆ ಹಿಡಿದುಕೋ.